ಅಜ್ಜನ ಶುಗರ್ ಬೇರೆ, ಮೊಮ್ಮಗಳ ಶುಗರ್ ಬೇರೆ

ಶುಗರ್ ಎಂಬ ಮಾತು ಕೇಳದ ಮನೆ ಈಗ ನಮ್ಮಲ್ಲಿ ಸಿಗುವುದು ಕಷ್ಟ. ಅಜ್ಜನಿಗೋ ಸೋದರತ್ತೆಗೋ ಇದ್ದೇ ಇರುತ್ತದೆ. ಬೆಳಿಗ್ಗೆ ಮಾತ್ರೆ, ಸಕ್ಕರೆ ಹಾಕದ ಕಾಫಿ, ಸಂಜೆ ವಾಕಿಂಗ್, ಮದುವೆ ಮನೆಯಲ್ಲಿ ಹೋಳಿಗೆ ಬಂದಾಗ ಎಲೆಗೆ ಅಡ್ಡ ಹಿಡಿದ ಕೈ. ಇಷ್ಟು ಗೊತ್ತಿದ್ದರೆ ಕಾಯಿಲೆಯೇ ಗೊತ್ತಾಯಿತು ಎಂದುಕೊಂಡಿರುತ್ತೇವೆ. ಆದ್ದರಿಂದಲೇ ಎಂಟು ವರ್ಷದ ಹುಡುಗಿಗೆ ಶುಗರ್ ಇದೆ ಎಂದು ಡಾಕ್ಟರು ಹೇಳಿದಾಗ ಒಬ್ಬರು ಮಾತ್ರೆ ಬರೆದುಕೊಡಿ ಎನ್ನುತ್ತಾರೆ, ಇನ್ನೊಬ್ಬರು ಸಿಹಿ ನಿಲ್ಲಿಸಿದರಾಯಿತು ಎನ್ನುತ್ತಾರೆ, ಊರಿಂದ ಫೋನ್ ಮಾಡಿದವರು ಪಥ್ಯದಲ್ಲೇ ವಾಸಿಯಾಗುತ್ತದೆ ಎಂದು ಧೈರ್ಯ ಹೇಳುತ್ತಾರೆ. ಹೊಸಬರಿಗೆ ಪಾಠ ಶುರು ಮಾಡುವಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಅಜ್ಜನ ಶುಗರನ್ನು ಸ್ವಲ್ಪ ಹೊತ್ತು ಮರೆತುಬಿಡಿ. ರಕ್ತದಲ್ಲಿ ಸಕ್ಕರೆ ಏರುವುದು ಇಬ್ಬರಲ್ಲೂ ನಿಜ. ಏರುವ ಕಾರಣ ಬೇರೆ, ಹಾಗಾಗಿ ಮಾಡಬೇಕಾದದ್ದೂ ಬೇರೆ.

ಜಠರದ ಹಿಂದೆ, ಬೆನ್ನಿಗೆ ಹತ್ತಿರವಾಗಿ, ಮೇದೋಜೀರಕ ಗ್ರಂಥಿ ಅಡ್ಡಲಾಗಿ ಮಲಗಿದೆ. ಅದರ ಬಹುಪಾಲು ಊಟ ಅರಗಿಸುವ ರಸ ತಯಾರಿಸುವುದರಲ್ಲಿ ತೊಡಗಿರುತ್ತದೆ. ನಡುನಡುವೆ ಚದುರಿಕೊಂಡಿರುವ ಬೇರೆಯದೇ ಜೀವಕೋಶಗಳ ಸಣ್ಣ ಗುಂಪುಗಳನ್ನು 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವೈದ್ಯವಿದ್ಯಾರ್ಥಿ ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ. ಅವುಗಳ ಕೆಲಸವೇನೆಂದು ಅವನಿಗೆ ತಿಳಿಯಲಿಲ್ಲ. ಆ ಗುಂಪುಗಳಲ್ಲಿರುವ ಬೀಟಾ ಕೋಶಗಳೇ ಇನ್ಸುಲಿನ್ ತಯಾರಿಸುತ್ತವೆ. ಉಂಡ ಅನ್ನ, ಮುದ್ದೆ, ರೊಟ್ಟಿ ಎಲ್ಲವೂ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ಅದು ಸ್ನಾಯುಗಳ ಒಳಗೆ ಹೋಗಿ ಶಕ್ತಿಯಾಗಬೇಕಾದರೆ ಇನ್ಸುಲಿನ್ ಬೇಕು. ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಸುಮ್ಮಸುಮ್ಮನೆ ರಕ್ತಕ್ಕೆ ಬಿಡದಂತೆ ತಡೆಯುವುದೂ ಇನ್ಸುಲಿನ್ನೇ, ಮೈಯ ಕೊಬ್ಬು ಬೇಕಾಬಿಟ್ಟಿ ಕರಗದಂತೆ ನೋಡಿಕೊಳ್ಳುವುದೂ ಇನ್ಸುಲಿನ್ನೇ. ಈ ಕೊನೆಯ ಕೆಲಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಜ್ಜನ ಟೈಪ್ 2ರಲ್ಲಿ ಇನ್ಸುಲಿನ್ ಇದೆ, ಮೈ ಅದರ ಮಾತು ಸರಿಯಾಗಿ ಕೇಳುತ್ತಿಲ್ಲ. ಮೊಮ್ಮಗಳ ಟೈಪ್ 1ರಲ್ಲಿ ಇನ್ಸುಲಿನ್ನೇ ಇಲ್ಲ, ಅಥವಾ ಕ್ರಮೇಣ ಇಲ್ಲವಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳ ಮೇಲೆ ಬಿದ್ದು ಅವನ್ನು ನಾಶ ಮಾಡಿರುತ್ತದೆ. ಇದು ಒಂದು ವಾರದಲ್ಲಿ ಆಗುವುದಲ್ಲ. ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಒಳಗೊಳಗೇ ನಡೆಯುತ್ತದೆ. ಉಳಿದ ಕೋಶಗಳು ಸಾಲದಾದ ದಿನ ಮಾತ್ರ ಹೊರಗೆ ಲಕ್ಷಣ ಕಾಣುತ್ತದೆ. ‘ಹೋದ ತಿಂಗಳು ಚೆನ್ನಾಗಿಯೇ ಇದ್ದಳಲ್ಲ’ ಎಂದು ತಾಯಂದಿರು ಹೇಳುವುದು ಸರಿ, ಆದರೆ ಒಳಗಿನ ಕಥೆ ಅದಕ್ಕಿಂತ ಎಷ್ಟೋ ಮೊದಲೇ ಶುರುವಾಗಿರುತ್ತದೆ.

ಯಾಕೆ ಹೀಗಾಯಿತು ಎಂಬುದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಆರನೆಯ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ ಎಂಬ ಜೀನುಗಳ ಕೆಲವು ಬಗೆಗಳು ಇದ್ದವರಲ್ಲಿ ಸಾಧ್ಯತೆ ಹೆಚ್ಚು. ಆದರೆ ಜೀನಿನಿಂದಲೇ ಎಲ್ಲವೂ ಆಗುವುದಿಲ್ಲ: ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರದೇ ಹೋಗುವುದುಂಟು. ಕೆಲವು ವೈರಸ್ ಸೋಂಕುಗಳು ಕಿಡಿ ಹಚ್ಚುತ್ತವೆಯೇ ಎಂಬ ಗುಮಾನಿ ಬಹಳ ಕಾಲದಿಂದ ಇದೆ. ದೇಶದಿಂದ ದೇಶಕ್ಕೂ ಅಗಾಧ ವ್ಯತ್ಯಾಸ. ಬೆಂಗಳೂರಿನ ವೈದ್ಯರು 1995ರಿಂದ ಇಟ್ಟುಕೊಂಡು ಬಂದ ನೋಂದಣಿಯ ಲೆಕ್ಕದಲ್ಲಿ ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ಸುಮಾರು ನಾಲ್ವರಿಗೆ ಇದು ಹೊಸದಾಗಿ ಬರುತ್ತದೆ. ಫಿನ್ಲೆಂಡಿನಲ್ಲಿ ಆ ಸಂಖ್ಯೆ ಐವತ್ತರ ಆಚೀಚೆ. ಇನ್ನೊಂದು ಸಂಗತಿ ಹೊಸಬರನ್ನು ಸದಾ ಬೆರಗುಗೊಳಿಸುತ್ತದೆ. ಟೈಪ್ 1 ಬಂದ ಮಕ್ಕಳಲ್ಲಿ ಹೆಚ್ಚಿನವರ ಹತ್ತಿರದ ಸಂಬಂಧಿಕರಲ್ಲಿ ಯಾರಿಗೂ ಟೈಪ್ 1 ಇರುವುದಿಲ್ಲ.

ಸಿಹಿ ತಿಂದದ್ದರಿಂದ ಇದು ಬರಲಿಲ್ಲ. ಲಸಿಕೆಯಿಂದ ಬರಲಿಲ್ಲ. ಬಸುರಿಯಾಗಿದ್ದಾಗ ತಾಯಿ ಹೆಚ್ಚು ಮಾವಿನಹಣ್ಣು ತಿಂದದ್ದಕ್ಕಾಗಲೀ ಮಗು ಹೆದರಿಕೊಂಡದ್ದಕ್ಕಾಗಲೀ ಬರಲಿಲ್ಲ. ಇದನ್ನು ನಾನು ತಾಯಿಗೆ ಹೇಳುವುದಕ್ಕಿಂತ ಮನೆಯ ಹಿರಿಯರಿಗೆ ಹೇಳುವುದೇ ಹೆಚ್ಚು, ಏಕೆಂದರೆ ‘ನೀನೇ ಚಾಕಲೇಟ್ ಕೊಟ್ಟು ಕೆಡಿಸಿದೆ’ ಎಂಬ ಮಾತು ಬರುವುದು ಆ ಕಡೆಯಿಂದ.

ಇನ್ನು ಲಕ್ಷಣಗಳು. ಇಲ್ಲಿ ನಿಧಾನವಾಗಿ ಓದಿ, ಜೀವ ಉಳಿಯುವುದು ಈ ಹಂತದಲ್ಲೇ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರಪಿಂಡ ಅದನ್ನು ಹಿಡಿದಿಟ್ಟುಕೊಳ್ಳಲಾರದೆ ಮೂತ್ರಕ್ಕೆ ಬಿಡುತ್ತದೆ. ಸಕ್ಕರೆ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮಗು ಪದೇ ಪದೇ ಮೂತ್ರಕ್ಕೆ ಹೋಗುತ್ತದೆ, ರಾತ್ರಿ ಎದ್ದೆದ್ದು ನೀರು ಕೇಳುತ್ತದೆ. ಹಾಸಿಗೆ ಒದ್ದೆ ಮಾಡುವುದನ್ನು ಎಂದೋ ಬಿಟ್ಟಿದ್ದ ಮಗು ಮತ್ತೆ ಶುರು ಮಾಡುತ್ತದೆ. ಚೆನ್ನಾಗಿ ತಿಂದರೂ ತೂಕ ಇಳಿಯುತ್ತದೆ. ಬಚ್ಚಲಲ್ಲಿ ಇರುವೆ ಮುತ್ತುವುದನ್ನು ಮೊದಲು ಗಮನಿಸುವವರು ಎಷ್ಟೋ ಮನೆಗಳಲ್ಲಿ ಅಜ್ಜಿಯರು. ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಈ ಹಂತದಲ್ಲೂ ತಿಳಿಯದೇ ಹೋದರೆ ಮುಂದಿನದು ಬೇಗ ಬರುತ್ತದೆ. ಇನ್ಸುಲಿನ್ ಇಲ್ಲವಾದ್ದರಿಂದ ಕೊಬ್ಬು ತಡೆಯಿಲ್ಲದೆ ಕರಗುತ್ತದೆ, ಕರಗಿದ ಕೊಬ್ಬಿನಿಂದ ಯಕೃತ್ತು ಕೀಟೋನ್ ಎಂಬ ಆಮ್ಲಗಳನ್ನು ತಯಾರಿಸುತ್ತದೆ, ರಕ್ತವೇ ಹುಳಿಯಾಗುತ್ತದೆ. ವೈದ್ಯರು ಡಿಕೆಎ ಎನ್ನುವುದು ಇದಕ್ಕೆ. ವಾಂತಿ, ಹೊಟ್ಟೆನೋವು, ಸುಸ್ತು, ಆಳವಾದ ಏದುಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ, ಕೊನೆಗೆ ಮಂಪರು. ವಾಂತಿ ಹೊಟ್ಟೆನೋವು ನೋಡಿ ಗ್ಯಾಸ್ಟ್ರಿಕ್ ಎಂದೋ ಅಪೆಂಡಿಕ್ಸ್ ಎಂದೋ, ಏದುಸಿರು ನೋಡಿ ನ್ಯುಮೋನಿಯಾ ಎಂದೋ ಔಷಧಿ ಕೊಡುವುದು ಆಗುತ್ತಲೇ ಇರುತ್ತದೆ. ಗ್ಲೂಕೋಸ್ ಡ್ರಿಪ್ ಹಾಕಿಬಿಟ್ಟರಂತೂ ಉರಿಯುವ ಬೆಂಕಿಗೆ ತುಪ್ಪ. ಇದನ್ನು ತಪ್ಪಿಸಲು ದೊಡ್ಡ ಆಸ್ಪತ್ರೆ ಬೇಕಿಲ್ಲ, ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಬಾಯಾರಿಕೆ ಮತ್ತು ಹೆಚ್ಚು ಮೂತ್ರ ಎರಡೂ ಇರುವ ಮಗುವಿಗೆ ಅವತ್ತೇ ಗ್ಲೂಕೋಮೀಟರಿನಲ್ಲಿ ನೋಡಿಸಿ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಯಾರಾದರೂ ಹೇಳಿದರೆ, ಬೇಡ, ಈಗಲೇ ನೋಡಿ ಎಂದು ಹಟ ಹಿಡಿಯಿರಿ. ಡಿಕೆಎ ಆಗಿದ್ದರೆ ಮಕ್ಕಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ದ್ರವ ಮತ್ತು ಇನ್ಸುಲಿನ್ ಅನ್ನು ಗಂಟೆ ಗಂಟೆಗೂ ಲೆಕ್ಕ ಹಾಕಿ ಕೊಡುತ್ತಾರೆ.

ರೋಗ ಖಚಿತಪಡಿಸುವ ನಿಯಮ ಸರಳ. ಲಕ್ಷಣಗಳಿದ್ದು, ಯಾವ ಹೊತ್ತಿನಲ್ಲಾದರೂ ಸಕ್ಕರೆ 200 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ಖಾಲಿ ಹೊಟ್ಟೆಯಲ್ಲಿ 126, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಎಂಬ ಗಡಿಗಳೂ ಇವೆ. ಆದರೆ ಮಕ್ಕಳಲ್ಲಿ ಕಾಯಿಲೆ ಬೇಗ ಏರುವುದರಿಂದ ಸರಾಸರಿಯನ್ನು ನಂಬಿ ಕೂರಬಾರದು. ಮಗು ತೆಳ್ಳಗಿದ್ದು ಕೀಟೋನ್ ಕಂಡಿದ್ದರೆ ಬಹುಮಟ್ಟಿಗೆ ಟೈಪ್ 1 ಎಂದೇ ಹಿಡಿದು ಇನ್ಸುಲಿನ್ ಶುರು ಮಾಡುತ್ತಾರೆ. ಅನುಮಾನವಿದ್ದಾಗ ಜಿಎಡಿ ಮುಂತಾದ ಪ್ರತಿಕಾಯಗಳನ್ನೂ, ಮೈ ಸ್ವಂತ ಇನ್ಸುಲಿನ್ ಎಷ್ಟು ಮಾಡುತ್ತಿದೆ ಎಂದು ತೋರಿಸುವ ಸಿ-ಪೆಪ್ಟೈಡನ್ನೂ ನೋಡುತ್ತಾರೆ. ಆರು ತಿಂಗಳೊಳಗಿನ ಕೂಸಿಗೆ ಮಧುಮೇಹ ಬಂದರೆ ಮಾತ್ರ ಜೀನ್ ಪರೀಕ್ಷೆ ಮಾಡಿಸಲೇಬೇಕು. ಅಂಥ ಕೆಲವು ಕೂಸುಗಳು ಮಾತ್ರೆಯಲ್ಲೇ ಚೆನ್ನಾಗಿರಬಲ್ಲವು. ದೊಡ್ಡವರಿಗೂ ಟೈಪ್ 1 ಬರುತ್ತದೆ. ಪಾಕಿಸ್ತಾನದ ವಾಸಿಂ ಅಕ್ರಂಗೆ ಗೊತ್ತಾದದ್ದು ಮೂವತ್ತರ ಹೊತ್ತಿಗೆ, 1997ರಲ್ಲಿ. ಆಮೇಲೂ ಅವರು 2003ರವರೆಗೆ ವೇಗದ ಬೌಲಿಂಗ್ ಮಾಡಿದರು.

ಮಾತ್ರೆ ಯಾಕಿಲ್ಲ ಎಂಬ ಪ್ರಶ್ನೆ ಈ ಹೊತ್ತಿಗೆ ಬಂದೇ ಬರುತ್ತದೆ. ಶುಗರ್ ಮಾತ್ರೆಗಳಲ್ಲಿ ಹೆಚ್ಚಿನವು ಇರುವ ಇನ್ಸುಲಿನ್ನಿನಿಂದ ಹೆಚ್ಚು ಕೆಲಸ ತೆಗೆಸುವಂಥವು, ಇಲ್ಲದ್ದರಿಂದ ತೆಗೆಸಲಾರವು. ಇನ್ಸುಲಿನ್ನನ್ನೇ ನುಂಗಿಸೋಣವೆಂದರೆ ಅದು ಪ್ರೋಟೀನ್, ಹೊಟ್ಟೆಯಲ್ಲಿ ಬೇಳೆಯ ಜೊತೆಗೆ ಅದೂ ಅರಗಿಹೋಗುತ್ತದೆ. ಉಳಿಯುವುದು ಚರ್ಮದಡಿಗೆ ಚುಚ್ಚುವ ದಾರಿಯೊಂದೇ.

1922ಕ್ಕೆ ಮೊದಲು ಆ ದಾರಿಯೂ ಇರಲಿಲ್ಲ. ಅಮೆರಿಕದ ಫ್ರೆಡರಿಕ್ ಅಲೆನ್ ಅವರಂಥ ದೊಡ್ಡ ವೈದ್ಯರು ಮಕ್ಕಳನ್ನು ಉಪವಾಸಕ್ಕೆ ಹತ್ತಿರದ ಪಥ್ಯದಲ್ಲಿಟ್ಟು ಕೆಲವು ತಿಂಗಳೋ ವರ್ಷವೋ ಉಳಿಸಿಕೊಳ್ಳುತ್ತಿದ್ದರು. ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಮ್ಯಾಕ್ಲಿಯಡ್ ಅವರ ಪ್ರಯೋಗಾಲಯದಲ್ಲಿ ತೆಗೆದ ಸತ್ವವನ್ನು 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಚುಚ್ಚಿದರು. ಸತ್ವ ಶುದ್ಧವಾಗಿರಲಿಲ್ಲ, ಹೆಚ್ಚೇನೂ ಆಗಲಿಲ್ಲ. ಜೇಮ್ಸ್ ಕಾಲಿಪ್ ಶುದ್ಧಗೊಳಿಸಿದ್ದನ್ನು ಜನವರಿ 23ರಂದು ಕೊಟ್ಟಾಗ ಸಕ್ಕರೆ ಇಳಿಯಿತು, ಹುಡುಗ ಚೇತರಿಸಿಕೊಂಡ, ಮುಂದೆ ಹದಿಮೂರು ವರ್ಷ ಬದುಕಿದ. ಹಕ್ಕನ್ನು ಬ್ಯಾಂಟಿಂಗ್ ಜೊತೆಗಾರರು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಕೊಟ್ಟುಬಿಟ್ಟರು. ಬ್ಯಾಂಟಿಂಗ್ ಹುಟ್ಟಿದ ದಿನವೆಂದೇ ನವೆಂಬರ್ 14 ವಿಶ್ವ ಮಧುಮೇಹ ದಿನ. ನಮ್ಮಲ್ಲಿ ಅದು ಮಕ್ಕಳ ದಿನವೂ ಆಗಿರುವುದು ಕಾಕತಾಳೀಯ.

ಈಗ ಮನೆಯ ಕೆಲಸಕ್ಕೆ ಬರೋಣ. ಆರೋಗ್ಯವಂತರ ಮೈ ಇನ್ಸುಲಿನ್ನನ್ನು ಎರಡು ರೀತಿಯಲ್ಲಿ ಬಿಡುತ್ತದೆ: ಇಡೀ ದಿನ ಸ್ವಲ್ಪ ಸ್ವಲ್ಪ, ಊಟ ಮಾಡಿದಾಗ ಒಮ್ಮೆಲೇ ಹೆಚ್ಚು. ಅದನ್ನೇ ನಾವು ನಕಲು ಮಾಡುತ್ತೇವೆ. ದಿನಕ್ಕೊಮ್ಮೆ ಗ್ಲಾರ್ಜಿನ್‌ನಂಥ ನಿಧಾನದ ಇನ್ಸುಲಿನ್, ಪ್ರತಿ ಊಟಕ್ಕೆ ಮುಂಚೆ ಬೇಗ ಕೆಲಸ ಮಾಡುವ ಇನ್ಸುಲಿನ್. ರೆಗ್ಯುಲರ್ ಆದರೆ ಊಟಕ್ಕೆ ಅರ್ಧ ಗಂಟೆ ಮೊದಲು, ಆಸ್ಪಾರ್ಟ್ ಅಥವಾ ಲಿಸ್ಪ್ರೋ ಆದರೆ ಹತ್ತು ಹದಿನೈದು ನಿಮಿಷ ಮೊದಲು. ದಿನಕ್ಕೆ ನಾಲ್ಕು ಚುಚ್ಚು ಎಂದಾಗ ಎಲ್ಲರ ಮುಖವೂ ಬಾಡುತ್ತದೆ. ಎರಡೇ ಹೊತ್ತಿನ ಮಿಶ್ರ ಇನ್ಸುಲಿನ್ ಕೇಳುವವರೂ ಇದ್ದಾರೆ. ಅದರಲ್ಲಿ ಮಗು ಇನ್ಸುಲಿನ್ನಿನ ಗಡಿಯಾರಕ್ಕೆ ತಕ್ಕಂತೆ ಉಣ್ಣಬೇಕಾಗುತ್ತದೆ, ಮಗುವಿನ ಹಸಿವಿಗೆ ತಕ್ಕಂತೆ ಇನ್ಸುಲಿನ್ ಹೊಂದಿಸುವುದಕ್ಕೆ ಆಗುವುದಿಲ್ಲ. ನಾಲ್ಕು ಚುಚ್ಚೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈಗಿನ ಪೆನ್ನಿನ ಸೂಜಿ ನಾಲ್ಕು ಮಿಲಿಮೀಟರಿನಷ್ಟು ಗಿಡ್ಡ. ಹೊಟ್ಟೆ, ತೊಡೆ, ತೋಳು, ಪೃಷ್ಠ ಹೀಗೆ ಜಾಗ ಬದಲಿಸುತ್ತಿರಿ. ನೋವಾಗುವುದಿಲ್ಲವೆಂದು ಒಂದೇ ಕಡೆ ಚುಚ್ಚುತ್ತಿದ್ದರೆ ಅಲ್ಲಿ ಕೊಬ್ಬಿನ ಗಡ್ಡೆ ಕಟ್ಟಿ, ಇನ್ಸುಲಿನ್ ಒಂದು ದಿನ ಹೀರಿಕೊಂಡಂತೆ ಇನ್ನೊಂದು ದಿನ ಹೀರಿಕೊಳ್ಳುವುದಿಲ್ಲ.

ಸಿರಿಂಜ್ ಬಳಸುವವರು ಒಂದು ವಿಷಯದಲ್ಲಿ ಬಹಳ ಹುಷಾರಾಗಿರಬೇಕು. ನಮ್ಮ ದೇಶದ ಮೆಡಿಕಲ್ ಶಾಪುಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಯೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ನಲವತ್ತರದಕ್ಕೆ ಕೆಂಪು ಮುಚ್ಚಳದ ಸಿರಿಂಜ್, ನೂರರದಕ್ಕೆ ಕಿತ್ತಳೆ ಬಣ್ಣದ್ದು. ನೂರರ ಬಾಟಲಿಗೆ ಕೆಂಪು ಸಿರಿಂಜ್ ಹಾಕಿದರೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗುತ್ತದೆ. ಪ್ರತಿ ಸಲ ಕೊಳ್ಳುವಾಗಲೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಅಂಗಡಿಯವರು ಗೊತ್ತಿರುವವರೇ ಆದರೂ ಸರಿ.

ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಫ್ರಿಜ್ಜಿನ ಮಧ್ಯದ ಅರೆ ಅಥವಾ ಬಾಗಿಲಲ್ಲಿಡಿ, ಫ್ರೀಜರ್ ಬೇಡವೇ ಬೇಡ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ. ಬಳಸುತ್ತಿರುವುದು ತಂಪಾದ ಕೋಣೆಯಲ್ಲಿ ನಾಲ್ಕು ವಾರ ಇರುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ, ಕಲಬುರಗಿ ರಾಯಚೂರಿನ ಬೇಸಿಗೆಯಲ್ಲಿ, ಒಂದು ಮಣ್ಣಿನ ಮಡಕೆಯೊಳಗೆ ಇನ್ನೊಂದನ್ನಿಟ್ಟು ನಡುವೆ ಒದ್ದೆ ಮರಳು ತುಂಬಿ ಒಳಗೆ ಬಾಟಲಿ ಇಡುವ ಉಪಾಯ ಚೆನ್ನಾಗಿಯೇ ನಡೆಯುತ್ತದೆ.

ಊಟದ ವಿಚಾರದಲ್ಲಿ ನಮ್ಮವರ ನಂಬಿಕೆಗಳು ಗಟ್ಟಿ. ಮುದ್ದೆಗೆ ಶುಗರ್ ಏರುವುದಿಲ್ಲ ಎಂಬುದು ಅವುಗಳಲ್ಲಿ ಮೊದಲನೆಯದು. ನೂರು ಗ್ರಾಂ ರಾಗಿಹಿಟ್ಟಿನಲ್ಲೂ 70 ಗ್ರಾಮಿನ ಆಸುಪಾಸು ಕಾರ್ಬೋಹೈಡ್ರೇಟ್ ಇದೆ, ಅಕ್ಕಿಯಲ್ಲಿ ಅದಕ್ಕಿಂತ ತುಸು ಹೆಚ್ಚು, ಅಷ್ಟೇ. ರಾಗಿಯ ನಾರು, ಸುಣ್ಣದಂಶ ಒಳ್ಳೆಯದು, ಉಣ್ಣಲಿ. ಆದರೆ ಮುದ್ದೆಗೂ ಇನ್ಸುಲಿನ್ ಬೇಕು. ಮಗುವಿಗೆ ಬೇರೆ ಅಡುಗೆ ಮಾಡುವುದು ಬೇಡ, ಉಣ್ಣುವುದರ ಲೆಕ್ಕ ಗೊತ್ತಿರಬೇಕು. ಮೂರು ಇಡ್ಲಿ, ಒಂದು ಲೋಟ ಹಾಲು ಎನ್ನಿ. ಇಡ್ಲಿಗೆ 12 ಗ್ರಾಮಿನಂತೆ 36, ಹಾಲಿಗೆ 9, ಒಟ್ಟು 45. ಹದಿನೈದು ಗ್ರಾಮಿಗೆ ಒಂದು ಯೂನಿಟ್ ಎಂದು ಡಾಕ್ಟರು ಗೊತ್ತುಮಾಡಿದ್ದರೆ ಮೂರು ಯೂನಿಟ್. ಈ ಅನುಪಾತ ಮಗುವಿನಿಂದ ಮಗುವಿಗೆ, ವಯಸ್ಸಿನಿಂದ ವಯಸ್ಸಿಗೆ ಬೇರೆ. ಪಕ್ಕದ ಮನೆಯ ಮಗುವಿನದನ್ನು ತಂದು ಬಳಸಬೇಡಿ. ಮೊದಲು ಕಷ್ಟವೆನಿಸುತ್ತದೆ. ಮನೆಯ ಲೋಟ, ಸೌಟು, ಮುದ್ದೆಯ ಗಾತ್ರ ಒಂದೇ ಸಮ ಇಟ್ಟುಕೊಂಡರೆ ಲೆಕ್ಕ ಬೇಗ ಕೈಗೆ ಹತ್ತುತ್ತದೆ. ಹಬ್ಬದಲ್ಲಿ ಒಂದು ಹೋಳಿಗೆಯನ್ನೂ ಲೆಕ್ಕಕ್ಕೆ ಸೇರಿಸಿ ಕೊಡಬಹುದು. ಕದ್ದು ತಿನ್ನುವ ಅಭ್ಯಾಸವಾದರೆ ಅದಕ್ಕೆ ಇನ್ಸುಲಿನ್ ಬೀಳುವುದಿಲ್ಲ, ತೊಂದರೆ ಅಲ್ಲಿದೆ.

ಸಕ್ಕರೆ ನೋಡದೆ ಇನ್ಸುಲಿನ್ ಕೊಡುವುದು ಕಣ್ಣುಮುಚ್ಚಿ ಗಾಡಿ ಓಡಿಸುವ ಕೆಲಸ. ಊಟಗಳಿಗೆ ಮುಂಚೆ ಮತ್ತು ಮಲಗುವ ಮುಂಚೆ ಬೆರಳು ಚುಚ್ಚಿ ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ತೋಳಿಗೆ ಅಂಟಿಸುವ ಸೆನ್ಸರ್, ಇನ್ಸುಲಿನ್ ಪಂಪ್ ಎಲ್ಲ ಬಂದಿವೆ, ದುಡ್ಡಿದ್ದರೆ ಒಳ್ಳೆಯದೇ. ಇಲ್ಲವೆಂದು ಕೊರಗಬೇಡಿ. ಸರಿಯಾಗಿ ಬರೆದ ನೋಟ್‌ಬುಕ್ ಡಾಕ್ಟರ ಕೈಯಲ್ಲಿದ್ದರೆ ಎಷ್ಟೋ ಕೆಲಸ ಆಗುತ್ತದೆ. ಎಚ್‌ಬಿಎ1ಸಿ ಮೂರು ತಿಂಗಳಿಗೊಮ್ಮೆ, ಬಹುತೇಕ ಮಕ್ಕಳಿಗೆ ಗುರಿ 7ರ ಒಳಗೆ. ಈ ಗುರಿಯ ಹಿಂದೆ ಗಟ್ಟಿ ಆಧಾರವಿದೆ. ಅಮೆರಿಕ ಮತ್ತು ಕೆನಡಾದಲ್ಲಿ 1,441 ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಡಿಸಿಸಿಟಿ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣಿನ ಹಾನಿ ಶುರುವಾಗುವ ಅಪಾಯ ಶೇಕಡಾ 76 ಕಡಿಮೆಯಾಯಿತು. ಮೂತ್ರಪಿಂಡ, ನರಗಳಿಗೂ ಅಂಥದೇ ಲಾಭ. ಶುರುವಿನ ಕೆಲವು ತಿಂಗಳು ಉಳಿದ ಬೀಟಾ ಕೋಶಗಳು ಸ್ವಲ್ಪ ಚೇತರಿಸಿಕೊಂಡು ಇನ್ಸುಲಿನ್ ಬಹಳ ಕಡಿಮೆ ಸಾಕಾಗಬಹುದು. ವಾಸಿಯಾಯಿತು ಎಂದು ಸಂಭ್ರಮಿಸಿ ನಿಲ್ಲಿಸಿಬಿಡಬೇಡಿ, ಅದು ಉಳಿಯುವುದಿಲ್ಲ.

‘ಬೇರು ಕೊಡುತ್ತೇವೆ, ಇನ್ಸುಲಿನ್ ಬಿಡಿಸುತ್ತೇವೆ’ ಎನ್ನುವವರು ಹೊಂಚು ಹಾಕುವುದು ಇದೇ ತಿಂಗಳುಗಳಲ್ಲಿ. ಡೋಸ್ ತಾನಾಗಿ ಇಳಿದದ್ದರ ಕೀರ್ತಿ ಅವರ ಪುಡಿಗೆ ಹೋಗುತ್ತದೆ. ಹಾಗಲಕಾಯಿ ರಸ ಕುಡಿಸಿದರೆ ನನ್ನ ತಕರಾರಿಲ್ಲ. ಇನ್ಸುಲಿನ್ ನಿಲ್ಲಿಸಿದರೆ ಮಗು ದಿನಗಳಲ್ಲೇ ಡಿಕೆಎಗೆ ಜಾರುತ್ತದೆ. ಕಾಯಿಲೆಯನ್ನು ತಡಮಾಡುವ ನಿಜವಾದ ಔಷಧಿಯೊಂದು, ಟೆಪ್ಲಿಜುಮ್ಯಾಬ್, 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಪ್ರತಿಕಾಯಗಳು ಕಂಡು, ಸಕ್ಕರೆ ಏರುಪೇರಾಗತೊಡಗಿ, ಲಕ್ಷಣ ಇನ್ನೂ ಬಾರದವರಲ್ಲಿ ಅದು ಸುಮಾರು ಎರಡು ವರ್ಷ ಮುಂದೂಡುತ್ತದೆ. ವಾಸಿ ಮಾಡುವುದಿಲ್ಲ.

ಇನ್ಸುಲಿನ್ ಹೆಚ್ಚಾಗಿ, ಊಟ ಕಡಿಮೆಯಾಗಿ ಅಥವಾ ಆಟ ಜಾಸ್ತಿಯಾಗಿ ಸಕ್ಕರೆ 70ಕ್ಕಿಂತ ಇಳಿಯುವುದೂ ಉಂಟು. ಬೆವರು, ನಡುಕ, ಹಸಿವು, ಕಾರಣವಿಲ್ಲದ ಸಿಟ್ಟು, ಮಾತಿಗೆ ಉತ್ತರ ಕೊಡದೆ ದಿಟ್ಟಿಸುವುದು. ತಕ್ಷಣ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿನಲ್ಲಿ ಕಲಸಿ ಕುಡಿಸಿ, ಚಿಕ್ಕ ಮಗುವಿಗೆ ತೂಕ ನೋಡಿ ಕಡಿಮೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಚಾಕಲೇಟ್ ಇಲ್ಲಿ ಕೆಲಸಕ್ಕೆ ಬಾರದು, ಅದರ ಕೊಬ್ಬು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಮಗ್ಗುಲಾಗಿ ಮಲಗಿಸಿ. ಮನೆಯಲ್ಲಿ ಗ್ಲೂಕಗಾನ್ ಚುಚ್ಚುಮದ್ದಿದ್ದರೆ ಕೊಡಿ, ಇಲ್ಲದಿದ್ದರೆ ಆಸ್ಪತ್ರೆಗೆ ಓಡಿ.

ಜ್ವರ ಬಂದಾಗ, ವಾಂತಿಯಾದಾಗ ‘ಏನೂ ತಿಂದಿಲ್ಲ, ಇವತ್ತು ಇನ್ಸುಲಿನ್ ಬೇಡ’ ಎನ್ನುವುದು ಎಲ್ಲರಿಗೂ ಸಹಜವಾಗಿ ತೋರುವ ತೀರ್ಮಾನ, ಅಷ್ಟೇ ಅಪಾಯದ್ದು. ಕಾಯಿಲೆಯಲ್ಲಿ ಮೈಗೆ ಇನ್ಸುಲಿನ್ ಹೆಚ್ಚೇ ಬೇಕಾಗಬಹುದು. ನಿಧಾನದ ಇನ್ಸುಲಿನ್ ಎಂದೂ ನಿಲ್ಲಬಾರದು. ಎರಡು ಮೂರು ಗಂಟೆಗೊಮ್ಮೆ ಸಕ್ಕರೆ ನೋಡಿ, ಮೂತ್ರದಲ್ಲಿ ಕೀಟೋನ್ ಇದೆಯೇ ಎಂದು ಪಟ್ಟಿ ಅದ್ದಿ ನೋಡಿ, ಗುಟುಕು ಗುಟುಕಾಗಿ ನೀರು ಕುಡಿಸಿ, ಊಟದ ಡೋಸಿನ ಬಗ್ಗೆ ಡಾಕ್ಟರಿಗೆ ಫೋನ್ ಮಾಡಿ. ವಾಂತಿ ನಿಲ್ಲದಿದ್ದರೆ ಮನೆಯಲ್ಲಿ ಕೂರಬೇಡಿ.

ಖರ್ಚಿನ ಮಾತು ತಪ್ಪಿಸಲಾಗದು. ಇನ್ಸುಲಿನ್ನಿಗಿಂತ ಎಷ್ಟೋ ಸಲ ಗ್ಲೂಕೋಮೀಟರ್ ಪಟ್ಟಿಗಳೇ ಜೇಬು ಹಗುರ ಮಾಡುತ್ತವೆ. ಬೆಂಗಳೂರಿನಲ್ಲಿ ಸರ್ಕಾರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಎಂಡೋಕ್ರೈನಾಲಜಿಗೆಂದೇ ಇರುವ ರಾಜ್ಯದ ಸಂಸ್ಥೆಯೂ ಇದೆ. ಬಡ ಮಕ್ಕಳಿಗೆ ಉಚಿತವಾಗಿ ಇನ್ಸುಲಿನ್, ಪಟ್ಟಿ ಕೊಡುವ ಯೋಜನೆಗಳು ನಡೆಯುತ್ತವೆ. ಕೇಳಲು ನಾಚಬೇಡಿ. ಹೆಣ್ಣುಮಗುವಾದರೆ ‘ಮುಂದೆ ಮದುವೆ’ ಎಂದು ಹೆದರಿ ಕಾಯಿಲೆಯನ್ನು ಮುಚ್ಚಿಡುವ ಮನೆಗಳಲ್ಲಿ ಹುಡುಗಿ ನೆಂಟರ ಮುಂದೆ ಇನ್ಸುಲಿನ್ ತಪ್ಪಿಸಲು ಕಲಿಯುತ್ತಾಳೆ. ಸಕ್ಕರೆ ಹತೋಟಿಯಲ್ಲಿಟ್ಟುಕೊಂಡ ಹೆಣ್ಣುಮಕ್ಕಳು ಓದಿ, ಕೆಲಸ ಹಿಡಿದು, ಮದುವೆಯಾಗಿ, ಆರೋಗ್ಯವಂತ ಮಕ್ಕಳನ್ನು ಹೆರುತ್ತಿದ್ದಾರೆ. ಮುಚ್ಚಿಡುವುದರಿಂದ ಉಳಿಯುವ ಮಾನ ಯಾವುದೋ ನನಗಂತೂ ತಿಳಿಯದು.

ಶಾಲೆಗೆ ಮಾತ್ರ ಹೇಳಲೇಬೇಕು. ಸಿಬಿಎಸ್‌ಇ 2017ರಲ್ಲೇ ಟೈಪ್ 1 ಇರುವ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ತಿಂಡಿ, ನೀರು, ಸಕ್ಕರೆ ಮಾತ್ರೆ ತರಲು ಅನುಮತಿ ಕೊಟ್ಟಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರಾಜ್ಯಗಳಿಗೆ ಪತ್ರ ಬರೆದು, ತರಗತಿಯಲ್ಲಿ ಮಗು ಸಕ್ಕರೆ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿನ್ನಲು ಬಿಡಬೇಕೆಂದಿತು. ಈ ವಿಷಯ ಎಲ್ಲ ಶಾಲೆಗೂ ಮುಟ್ಟಿದೆ ಎಂದು ನಂಬಿಕೊಳ್ಳದೆ ನೀವೇ ಒಂದು ಹಾಳೆಯಲ್ಲಿ ಬರೆದುಕೊಡಿ: ಕಾಯಿಲೆಯ ಹೆಸರು, ಇದು ಅಂಟುವುದಿಲ್ಲ ಎಂಬ ಮಾತು, ಮೂತ್ರಕ್ಕೆ ಕೇಳಿದಾಗ ಬಿಡಬೇಕೆಂಬ ವಿನಂತಿ, ಸಕ್ಕರೆ ಇಳಿದ ಲಕ್ಷಣಗಳು, ಆಗ ಏನು ಕೊಡಬೇಕು, ನಿಮ್ಮ ಫೋನ್ ನಂಬರ್. ಗ್ಲೂಕೋಸ್ ಡಬ್ಬವೊಂದು ಮೇಷ್ಟ್ರ ಮೇಜಿನ ಡ್ರಾಯರಿನಲ್ಲಿರಲಿ. ಹಾಳೆಯ ಒಂದು ಪ್ರತಿಯನ್ನು ಪಿ.ಟಿ. ಮೇಷ್ಟ್ರಿಗೂ ಕೊಡಿ, ಶಾಲೆಯಲ್ಲಿ ಸಕ್ಕರೆ ಇಳಿಯುವುದು ಹೆಚ್ಚಾಗಿ ಆಟದ ಪೀರಿಯಡ್ಡಿನಲ್ಲಿ.